ಕೊನೆಯ ವಾಕ್ಯ ಬರುವ ತನಕ

ಹನ್ನೆರಡು ವರ್ಷದಿಂದ ನಾನು ದಾವಣಗೆರೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ರೀಸನಿಂಗ್ ಕಲಿಸುತ್ತಿದ್ದೇನೆ. ಮನೆ ಹರಿಹರದಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನ್ನ ಪಾಲಿಗೆ ಬಂದ ಪಾಠಗಳಲ್ಲಿ ತಲೆ ತಿನ್ನುವುದು ಒಂದೇ: ನಾಲ್ಕೈದು ವಾಕ್ಯಗಳ ಒಂದು ವಾದ ಕೊಟ್ಟು, ಗೆರೆ ಎಳೆದ ವಾಕ್ಯ ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಕೇಳುವ ಪ್ರಶ್ನೆ. ಅದು ತೀರ್ಮಾನವೇ, ಆಧಾರವೇ, ಎದುರು ಪಕ್ಷದ ಮಾತೇ ಅಥವಾ ಬರೀ ಹಿನ್ನೆಲೆಯೇ? ಹೇಳುವುದಕ್ಕೆ ಸುಲಭ. ಕಲಿಸಲು ನಿಂತಾಗ ಗೊತ್ತಾಗುತ್ತದೆ. ನಲವತ್ತು ಜನ ತಲೆ ಆಡಿಸುತ್ತಾರೆ, ಪರೀಕ್ಷೆ ಕೊಟ್ಟರೆ ಮೂವತ್ತು ಜನ ಕೊನೆಯ ವಾಕ್ಯಕ್ಕೆ 'ತೀರ್ಮಾನ' ಎಂದು ಗುರುತು ಹಾಕಿ ಕೂತಿರುತ್ತಾರೆ.

ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ವಿದ್ಯಾರ್ಥಿ ಕ್ಲಾಸಿನಲ್ಲಿರಲಿಲ್ಲ, ಮನೆಯಲ್ಲಿದ್ದಳು. ನನ್ನ ಹೆಂಡತಿ. ಡಿಗ್ರಿ ಮುಗಿಸಿ ಮದುವೆಯಾದವಳು. ಮಗಳು ಹುಟ್ಟಿದ ಮೇಲೆ ಪುಸ್ತಕ ಮುಚ್ಚಿದ್ದಳು. ಮಗಳು ಹೈಸ್ಕೂಲಿಗೆ ಸೇರಿದ ಮೇಲೆ ಮತ್ತೆ ತೆಗೆದಳು. ಗುಮಾಸ್ತರ ಹುದ್ದೆಗೆ ಎರಡು ಸಲ ಪರೀಕ್ಷೆ ಬರೆದಳು, ಎರಡೂ ಸಲ ಸ್ವಲ್ಪದರಲ್ಲಿ ಕೈತಪ್ಪಿತು. ಮೂರನೆಯದು ಕೊನೆಯದು, ಅದೂ ತಪ್ಪಿದರೆ ಮುಂದಿನದಕ್ಕೆ ವಯಸ್ಸಿನ ಮಿತಿ ದಾಟಿರುತ್ತಿತ್ತು. "ನನಗೂ ಒಂದು ಟೇಬಲ್ ಇರ್ಬೇಕು ರೀ, ಅದರ ಮ್ಯಾಲೆ ನನ್ನ ಪೆನ್ನು ಇರ್ಬೇಕು" ಎನ್ನುತ್ತಿದ್ದಳು. ಲೆಕ್ಕ, ಕನ್ನಡ, ಸಾಮಾನ್ಯ ಜ್ಞಾನ ಎಲ್ಲದರಲ್ಲೂ ಚುರುಕು. ಎರಡು ಸಲವೂ ಅವಳನ್ನು ಮುಳುಗಿಸಿದ್ದು ಗಂಡನ ಸಬ್ಜೆಕ್ಟೇ. ನನ್ನ ಮರ್ಯಾದೆ ಏನಾಗಬೇಡ!

ಬೆಳಿಗ್ಗೆ ಚಹಾ ಕುಡಿಯುತ್ತಾ ಕಲಿಸಲು ಕೂರುತ್ತಿದ್ದೆ. ಒಂದು ದಿನ ನಾನೇ ಒಂದು ವಾದ ಬರೆದುಕೊಟ್ಟೆ. 'ಬಸ್ ನಿಲ್ದಾಣದ ಕ್ಯಾಂಟೀನನ್ನು ಮುಚ್ಚಬಾರದು. ಅದು ಗಲೀಜು ಎಂದು ಕೆಲವರು ಹೇಳುತ್ತಾರೆ. ಗಲೀಜನ್ನು ತೊಳೆಯಬಹುದು. ಅಲ್ಲಿ ದಿನವೂ ದೂರದ ಹಳ್ಳಿಯವರು ಊಟ ಮಾಡುತ್ತಾರೆ.' ತೀರ್ಮಾನ ಯಾವುದು ಎಂದೆ. ಹಳ್ಳಿಯವರು ಊಟ ಮಾಡುವುದೇ ತೀರ್ಮಾನ ಎಂದಳು.

"ಅದು ಆಧಾರ ಕಣೇ. ಮೊದಲನೇ ವಾಕ್ಯ ತೀರ್ಮಾನ. ಯಾಕೆ ಮುಚ್ಚಬಾರದು ಅಂತ ಕೇಳು, ಉತ್ತರ ಕೊನೆಯದರಲ್ಲಿ ಐತೆ."

"ಮುಚ್ಚಬಾರ್ದು ಅನ್ನಾದು ಈ ಮಾತು ಆಡಿದೋರು ಸಿಟ್ಟಿನಾಗೆ ಮೊದ್ಲು ಅಂದಿದ್ದು ರೀ. ಹಳ್ಳಿಯವ್ರು ಉಣ್ತಾರೆ ಅನ್ನಾದೇ ಮುಖ್ಯ ಅಲ್ಲೇನು? ಅದ್ಕೇ ತಡೆದು ಕೊನೀಗೆ ಹೇಳ್ಯಾರೆ."

ನಾನು ಪುಸ್ತಕ ಟಪ್ಪೆಂದು ಮುಚ್ಚಿ ಎದ್ದುಹೋದೆ. ಪರೀಕ್ಷೆಗೆ ಇಂಥ ಪ್ರಶ್ನೆ ಬರೆಯುವವರ ಮೇಲೂ ಸಿಟ್ಟು ಬಂತು. ಮನುಷ್ಯರು ಎಲ್ಲಿ ಹೀಗೆ ಮಾತಾಡುತ್ತಾರೆ?

ತಪ್ಪು ಎಲ್ಲಿಂದ ಬರುತ್ತಿದೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಅವಳ ತವರು ಕೊಕ್ಕನೂರು. ಆ ಮನೆಯವರು ಯಾರೂ ವಿಷಯವನ್ನು ಮೊದಲು ಹೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ಮಾವನವರು ಬಂದರೆ ಮೊದಲು ಬಸ್ಸಿನ ರಶ್ಶು, ಆಮೇಲೆ ಗದ್ದೆಗೆ ಬಿಡುವ ಚಾನಲ್ ನೀರು, ಆಮೇಲೆ ಮಲೆಬೆನ್ನೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ಬಿಟ್ಟದ್ದು, ಅಲ್ಲಿ ಸಿಕ್ಕ ಹಳೇ ಪರಿಚಯದವರ ಮಗಳ ಬಾಣಂತನ. ಊಟ ಆಗುತ್ತದೆ, ಎಲೆ ಅಡಿಕೆ ಆಗುತ್ತದೆ. ಹೊರಟು, ಒಂದು ಕಾಲು ಚಪ್ಪಲಿಯೊಳಗೆ ಹೋದ ಮೇಲೆ "ಅಂದಂಗ..." ಎನ್ನುತ್ತಾರೆ. ಬಂದ ಕೆಲಸ ಅದು. ಒಂದು ಸಲ ಹಾಗೇ ಚಪ್ಪಲಿ ಮೆಟ್ಟುತ್ತಾ, ಅತ್ತೆಯವರನ್ನು ಆಸ್ಪತ್ರೆಗೆ ಸೇರಿಸಿ ಎರಡು ದಿನವಾಯಿತು ಎಂದು ಹೇಳಿದ್ದರು. ಅಷ್ಟು ಹೊತ್ತು ನಾನು ಅವರಿಗೆ ಹೋಳಿಗೆ ಬಡಿಸುತ್ತಿದ್ದೆ.

ಪುಸ್ತಕದಲ್ಲಿ ತೀರ್ಮಾನದ ಗುರುತು 'ಆದ್ದರಿಂದ' ಎಂದು ಬರೆದಿರುತ್ತದೆ, ನಿಮ್ಮ ಊರಲ್ಲಿ ಅದು 'ಅಂದಂಗ' ಎಂದು ನಾನು ಹೆಂಡತಿಯನ್ನು ರೇಗಿಸುತ್ತಿದ್ದೆ. "ಬಂದ ಕೂಡ್ಲೇ ವಿಷ್ಯ ಹೇಳೋರು ಪೊಲೀಸ್ರು. ಮನಿಗೆ ಬಂದೋರು ಹಂಗೆ ಹೇಳ್ತಾರೇನು? ಕೇಳೋರ ಎದೆ ಏನಾಗ್ಬೇಕು?" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಅವಳನ್ನು ತಿದ್ದಲು ನಾನು ಒಂದು ಉಪಾಯ ಮಾಡಿದೆ. ಉಪಾಯ ಎಂದು ಆಗ ಅಂದುಕೊಂಡಿದ್ದೆ, ಈಗ ನೆನೆದರೆ ಮೈ ಉರಿಯುತ್ತದೆ. ಅವಳು ಮನೆಯಲ್ಲಿ ಏನು ಮಾತಾಡಿದರೂ ವಾಕ್ಯ ವಾಕ್ಯಕ್ಕೂ ನಾನು ಹೆಸರು ಹೇಳತೊಡಗಿದೆ. "ನಲ್ಲಿ ನೀರು ಸಣ್ಣಗೆ ಬರಾಕತ್ತೈತೆ" ಎಂದರೆ "ಹಿನ್ನೆಲೆ." "ಎರಡು ಕೊಡ ತುಂಬೋಕೆ ಅರ್ಧ ಗಂಟೆ ಆತು" ಎಂದರೆ "ಆಧಾರ." "ಪ್ಲಂಬರಿಗೆ ಫೋನ್ ಮಾಡ್ರಿ" ಎಂದಾಗ "ಹಾಂ, ತೀರ್ಮಾನ! ಇದನ್ನ ಮೊದಲೇ ಹೇಳು" ಎನ್ನುತ್ತಿದ್ದೆ. ಮಗಳು ನಗುತ್ತಿದ್ದಳು. ಹೆಂಡತಿಯೂ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು. ಆದರೆ ಪ್ರಶ್ನೆ ಬಿಡಿಸುವುದು ಬಂತು. ಹತ್ತರಲ್ಲಿ ಎರಡು ಸರಿ ಮಾಡುತ್ತಿದ್ದವಳು ಎಂಟಕ್ಕೆ ಬಂದಳು. ಈ ಸಲ ಆಗುತ್ತದೆ ಎಂದು ನನಗೆ ಖಾತ್ರಿಯಾಗಿತ್ತು.

ಅರ್ಜಿಯನ್ನು ನಾನೇ ನಮ್ಮ ಸೆಂಟರಿನ ಕಂಪ್ಯೂಟರಿನಲ್ಲಿ ತುಂಬಿದ್ದೆ. ಅವಳ ಫೋನು ಯಾವಾಗಲೂ ಚಾರ್ಜ್ ಇಲ್ಲದೆ ಬಿದ್ದಿರುತ್ತದೆ ಎಂದು ನನ್ನ ನಂಬರನ್ನೇ ಕೊಟ್ಟಿದ್ದೆ.

ಆ ಶನಿವಾರ ನಮ್ಮಲ್ಲಿ ಎರಡರಿಂದ ಐದರವರೆಗೆ ಮಾದರಿ ಪರೀಕ್ಷೆ ಇತ್ತು. ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವಳು ಕೈ ಒರೆಸಿಕೊಳ್ಳುತ್ತಾ ಅಡುಗೆ ಮನೆಯಿಂದ ಬಂದಳು.

"ಪಕ್ಕದ್ಮನಿ ಹುಡುಗಿ ಬಂದಿತ್ತು ರೀ ಈಗ. ಹೆಪ್ಪಿಗೆ ಮಜ್ಜಿಗೆ ಕೇಳಾಕೆ."

"ಹಿನ್ನೆಲೆ."

"ಆ ಹುಡುಗಿನೂ ನನ್ನ ಜತಿಗೇ ಅರ್ಜಿ ಹಾಕೈತಲ್ಲ, ಅದಕ್ಕೆ ವಾರದಿಂದ ಜ್ವರ ಅಂತೆ. ಫೋನೇ ಮುಟ್ಟಿಲ್ಲಂತೆ. ಇವತ್ತು ಎದ್ದು ನೋಡ್ತಂತೆ..."

"ಆಧಾರ. ಯಾವುದಕ್ಕೆ ಆಧಾರ ಅಂತ ಹೇಳು ಬೇಗ."

"ಕೇಳ್ರಿ ಸ್ವಲ್ಪ. ಅದೇನೋ ಲಿಸ್ಟ್ ಬಿಟ್ಟಾರಂತೆ..."

"ಇನ್ನೂ ಹಿನ್ನೆಲೇನೇ ನಡೆದೈತೆ. ಬಸ್ ಹೋಗುತ್ತೆ ಮಾರಾಯ್ತಿ, ಸಂಜೆಗೆ ಹೇಳು."

ಹೊರಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ಕ್ಲಾಸಿಗೆ ಹೋಗಿ, ಎಲ್ಲರ ಫೋನು ಆಫ್ ಮಾಡಿಸಿ, ನನ್ನದನ್ನೂ ಆಫ್ ಮಾಡಿ ಬ್ಯಾಗಿಗೆ ಹಾಕಿದೆ. ಆ ನಿಯಮ ನನ್ನದೇ. ಮೂರು ಗಂಟೆ ಮಕ್ಕಳ ನಡುವೆ ಓಡಾಡಿದೆ. ಎಂದಿನಂತೆ ಕೊನೆಯ ವಾಕ್ಯಕ್ಕೆ ಗುರುತು ಹಾಕಿದವರ ಬೆಂಚಿನ ಮೇಲೆ ಬೆರಳಿನಿಂದ ತಟ್ಟಿದೆ.

ಐದೂಕಾಲಿಗೆ ಫೋನು ಆನ್ ಮಾಡಿದರೆ ಓಟಿಪಿಗಳು ಒಂದರ ಮೇಲೊಂದು ಬಂದು ಬಿದ್ದವು. ನಾಲ್ಕು. ನಾಲ್ಕೂ ಸತ್ತಿದ್ದವು. ಹರಿಹರದ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯವನ ನಂಬರಿನಿಂದಲೂ, ಹೆಂಡತಿಯ ನಂಬರಿನಿಂದಲೂ ಮಿಸ್ಡ್ ಕಾಲ್. ನಾನು ಫೋನ್ ಮಾಡಿದಾಗ ಅಂಗಡಿಯವನು ವಿಷಯ ಹೇಳಿದ. ಅರ್ಜಿಯಲ್ಲಿ ದೋಷ ಇರುವವರ ಪಟ್ಟಿ ವೆಬ್‌ಸೈಟಿನಲ್ಲಿ ಬಂದಿದೆ. ನಿಮ್ಮ ಮನೆಯವರ ಫೋಟೋ ಸ್ಪಷ್ಟ ಇಲ್ಲವಂತೆ. ಬೇರೆ ಫೋಟೋ ಹಾಕಲು ಇವತ್ತು ಸಂಜೆ ಐದಕ್ಕೆ ಕೊನೆ. ಫೋಟೋ ರೆಡಿ ಇತ್ತು ಸರ್, ಓಟಿಪಿ ಒಂದಿದ್ರೆ ಆಗ್ತಿತ್ತು.

ನಾನು ಕೆಳಗೆ ಓಡಿ ಬಂದು ಸೆಂಟರಿನ ಆಫೀಸಿನವನ ಮೇಲೆ ಕೂಗಾಡಿದೆ. ಇಲ್ಲಿಗೆ ಫೋನ್ ಮಾಡಿರಲಿಲ್ಲವಾ ನಮ್ಮ ಮನೆಯವರು?

"ಮಾಡಿದ್ರು ಸರ್. ಏನೋ ಪಕ್ಕದ್ಮನಿ ಹುಡುಗಿಗೆ ಜ್ವರ ಬಂದಿದ್ದು ಹೇಳಾಕತ್ತಿದ್ರು. ಅರ್ಜೆಂಟ್ ಏನಿಲ್ಲ ಅನ್ಕೊಂಡೆ. ಎಕ್ಸಾಮ್ ನಡೀವಾಗ ಕರೀಬ್ಯಾಡ ಅಂತ ನೀವೇ ಹೇಳಿದ್ರಲ್ಲ ಸರ್, ಆಮೇಲೆ ಮಾಡ್ರಿ ಮೇಡಂ ಅಂದೆ."

ಅವನಿಗೆ ಏನು ಬೈಯಲಿ? ನಾನು ಬಾಗಿಲಲ್ಲಿ ಮಾಡಿದ್ದನ್ನೇ ಅವನು ಫೋನಿನಲ್ಲಿ ಮಾಡಿದ್ದ. ಅವನಾದರೂ ರೀಸನಿಂಗ್ ಕಲಿಸುವವನಲ್ಲ.

ಮನೆಗೆ ಬಂದಾಗ ಅವಳು ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ದಾರಿಯುದ್ದಕ್ಕೂ ಕ್ಷಮೆ ಕೇಳಬೇಕು ಎಂದುಕೊಂಡು ಬಂದವನ ಬಾಯಿಂದ ಮೊದಲು ಬಂದದ್ದು ಬೇರೆಯೇ. "ಮೊದಲೇ ಹೇಳಬಾರದಾಗಿತ್ತಾ, ಇವತ್ತೇ ಕೊನೆ ದಿನ ಅಂತ?"

ಅವಳು ತಲೆ ಎತ್ತಲಿಲ್ಲ. "ಹೇಳ್ತಾ ಇದ್ದೆ" ಎಂದಳು.

ಅದರ ಬದಲು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಮಗಳಿಗೆ ಊಟಕ್ಕೆ ಬಡಿಸಿದಳು, ನನಗೂ ಬಡಿಸಿದಳು. ಸೋಮವಾರ ನಾನು ಸಹಾಯವಾಣಿಗೆ ಇಪ್ಪತ್ತು ಸಲ ಫೋನ್ ಹಚ್ಚಿದೆ. ಅವಧಿ ಮುಗಿದಿದೆ ಎಂದು ಒಂದೇ ಮಾತು. ಒಂದು ಮನವಿಯನ್ನೂ ಬರೆದೆ. ಮೊದಲ ವಾಕ್ಯದಲ್ಲಿ ಕೋರಿಕೆ, ಆಮೇಲೆ ಆಧಾರಗಳು, ಅವರು ಹೇಳಬಹುದಾದ ಆಕ್ಷೇಪ, ಅದಕ್ಕೆ ಉತ್ತರ, ಎಲ್ಲ ಪುಸ್ತಕದಲ್ಲಿರುವ ಹಾಗೆ. ಅದನ್ನು ಯಾರಾದರೂ ಓದಿದರೋ ಇಲ್ಲವೋ ಗೊತ್ತಿಲ್ಲ, ಉತ್ತರ ಬರಲಿಲ್ಲ. ಪರೀಕ್ಷೆಯ ದಿನ ಪಕ್ಕದ ಮನೆಯ ಹುಡುಗಿ ಹೋಗಿ ಬರೆದು ಬಂದಳು. ಅವಳಿಗೆ ಬುತ್ತಿ ಕಟ್ಟಿಕೊಟ್ಟವಳು ನನ್ನ ಹೆಂಡತಿ.

ಆ ಪಾಠವನ್ನು ನಾನು ಈಗಲೂ ಮಾಡುತ್ತೇನೆ, ಅದು ನನ್ನ ಹೊಟ್ಟೆಪಾಡು. ಹಿನ್ನೆಲೆ ಎಂದರೆ ಏನು ಎಂದು ಹೇಳುವಾಗ ಮಾತ್ರ ಬಾಯಿ ತಡವರಿಸುತ್ತದೆ, ಮಕ್ಕಳಿಗೆ ಕಾರಣ ಗೊತ್ತಿಲ್ಲ.

ಮನೆಯಲ್ಲಿ ನನ್ನ ತಿದ್ದುವಿಕೆ ಫಲ ಕೊಟ್ಟಿದೆ. ಹೆಂಡತಿ ಈಗ ವಿಷಯವನ್ನು ಮೊದಲ ವಾಕ್ಯದಲ್ಲೇ ಹೇಳುತ್ತಾಳೆ. "ಗ್ಯಾಸ್ ಮುಗಿದೈತೆ." "ಶಾಲೆಯಾಗೆ ಮೀಟಿಂಗ್ ಐತೆ." ಅಲ್ಲಿಗೆ ಮುಗಿಯಿತು. ಯಾರು ಬಂದಿದ್ದರು, ಏನು ಕೇಳಿದರು, ತರಕಾರಿಯವಳು ಯಾಕೆ ಮೂರು ದಿನ ಕಾಣಲಿಲ್ಲ, ಒಂದೂ ನನಗೆ ಗೊತ್ತಾಗುವುದಿಲ್ಲ. ಅವನ್ನೆಲ್ಲ ಅವಳು ಮಗಳ ಹತ್ತಿರ ಹೇಳುವುದು ಒಳಕೋಣೆಯಿಂದ ಕೇಳಿಸುತ್ತದೆ, ನಾನು ಹೋದರೆ ನಿಲ್ಲುತ್ತದೆ.

ಹೋದ ವಾರ ನಾನು ಹೊರಡುವ ಹೊತ್ತಿಗೆ ಬಂದು, "ಅಪ್ಪಗೆ ಹುಷಾರಿಲ್ಲ. ನಾಳೆ ಊರಿಗೆ ಹೋಗಿ ಬರ್ತೀನಿ" ಎಂದಳು. ಏನಾಗಿದೆ, ಯಾರು ಫೋನ್ ಮಾಡಿದ್ದರು, ಯಾವಾಗಿನಿಂದ ಎಂದು ಕೇಳಿದೆ. "ಜ್ವರ. ಅಷ್ಟೇ ರೀ" ಎಂದಳು.

ನಾನು ಬ್ಯಾಗು ಇಳಿಸಿ ಕುರ್ಚಿಯಲ್ಲಿ ಕೂತೆ. ಬಸ್ಸು ಹೋದರೆ ಹೋಗಲಿ, ಇವತ್ತು ಪೂರ್ತಿ ಕೇಳಿಯೇ ಹೋಗುತ್ತೇನೆ ಎಂದು ಕೂತೆ. ಅವಳು ಬ್ಯಾಗನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

"ಟೈಮಾತು, ಹೊರಡ್ರಿ" ಎಂದಳು.