ಸವಣೂರಿನಲ್ಲಿ ಸಮುದ್ರ ಬಾರಿಸಿದ್ದು

ದೀಪಾವಳಿ ಕಳೆದ ಮೇಲೆ ನಮ್ಮ ವಾದ್ಯಮೇಳದ ಕಚೇರಿಗಳು ಶುರುವಾಗುತ್ತಿದ್ದವು. ಹಗಲಿಡೀ ಹಾನಗಲ್ಲಿನಲ್ಲಿ ಅಪ್ಪನ ಕಾಳಿನ ಅಂಗಡಿ ನೋಡಿಕೊಳ್ಳುತ್ತಿದ್ದ ನಾನು ಮೇಳದಲ್ಲಿ ಜಲತರಂಗ ಬಾರಿಸುತ್ತಿದ್ದೆ. ಪಿಂಗಾಣಿ ಬಟ್ಟಲುಗಳಿಗೆ ಹೆಚ್ಚುಕಡಿಮೆ ನೀರು ತುಂಬಿ ಅಂಚಿಗೆ ಕಡ್ಡಿಯಿಂದ ತಟ್ಟಿದರೆ ಸ್ವರ ಹೊರಡುತ್ತದೆ.

ಯುದ್ಧ ನಡೆದಿದ್ದ ಆ ವರ್ಷ ಮೊದಲ ಕಚೇರಿ ಸವಣೂರಿನಲ್ಲಿತ್ತು. ನಮ್ಮ ಮಾಸ್ತರರು ಕಾರವಾರಕ್ಕೆ ಹೋಗಿಬಂದ ಗುಂಗಿನಲ್ಲಿ ಇಡೀ ಸಂಜೆಗೆ ಸಮುದ್ರದ ಸಂಗೀತವನ್ನೇ ಕೂಡಿಸಿದ್ದರು: ಅಲೆ, ದೋಣಿ, ಬಿರುಗಾಳಿ, ದಡ. ನಾನು ಸಮುದ್ರ ಕಂಡವನಲ್ಲ. ನನ್ನ ಪಾಲಿಗೆ ದೊಡ್ಡ ನೀರೆಂದರೆ ನಮ್ಮೂರ ಆನೆಕೆರೆ.

ಸವಣೂರು ಹತ್ತಿರ ಬಂದಾಗ ಚಕ್ಕಡಿಯ ಗಾಲಿ ತಗ್ಗಿಗಿಳಿದು ಬಟ್ಟಲಿನ ಪೆಟ್ಟಿಗೆ ಕೆಳಗೆ ಬಿತ್ತು. ಮುಚ್ಚಳ ತೆಗೆದರೆ ಹುಲ್ಲಿನ ನಡುವೆ ಬರೀ ಚೂರು. ಯುದ್ಧದ ದೆಸೆಯಿಂದ ಅಂಥ ಬಟ್ಟಲು ಆಗ ಹುಬ್ಬಳ್ಳಿಯಲ್ಲೂ ಸಿಗುತ್ತಿರಲಿಲ್ಲ. ಮಾಸ್ತರರು ರಸ್ತೆಯ ಬದಿಗೆ ಕುಳಿತುಬಿಟ್ಟರು.

ಮೇಳದ ಕ್ಲಾರಿಯೋನೆಟ್‌ನವನು ಸವಣೂರಿನವನೇ. “ನಮ್ಮ ಖಾಲಾನ ಮನ್ಯಾಗ ಬಟ್ಟಲ ಅದಾವ. ನಡಿ, ಕೇಳೋಣು,” ಎಂದ.

ಖಾಲಾ ಎಂದರೆ ಅವನ ತಾಯಿಯ ಅಕ್ಕ, ವಯಸ್ಸಾದ ವಿಧವೆ. ಹಜ್‌ ಮುಗಿಸಿ ಹಡಗಿನಲ್ಲಿ ಬಂದಾಗ ಮುಂಬಯಿಯಲ್ಲಿ ಕೊಂಡ ಪಿಂಗಾಣಿ ಬಟ್ಟಲುಗಳು ಆಕೆಯ ಕಪಾಟಿನಲ್ಲಿದ್ದವು. ಅವುಗಳಲ್ಲಿ ಯಾರೂ ಉಂಡವರಿಲ್ಲ.

“ಒಡ್ಯಾಂಗಿಲ್ಲಲ್ಲ?” ಎಂದು ಬಾಗಿಲ ಪರದೆಯ ಹಿಂದಿನಿಂದ ಕೇಳಿದಳು.

“ಇಲ್ಲರಿ ಅಮ್ಮಾ, ಜೀವದಂಗ ನೋಡ್ಕೋತೇನ್ರಿ.”

“ಹಂಗಾರ ಒಯ್ಯಪಾ. ಆದರ ನಾನೂ ಕೇಳಾಕ ಬರ್ತೇನಿ.”

ಹೊತ್ತು ಮುಳುಗುವ ತನಕ ನೀರು ಹಾಕುತ್ತ, ತೆಗೆಯುತ್ತ ಸ್ವರ ಕೂಡಿಸಿದೆ. ಕಚೇರಿಗೆ ಜನ ಕಿಕ್ಕಿರಿದಿದ್ದರು. ಹೆಂಗಸರು ಒಂದು ಬದಿಗೆ ಪರದೆಯ ಆಚೆ. ಅಲೆ, ದೋಣಿ ಚೆನ್ನಾಗಿಯೇ ಸಾಗಿದವು. ಬಿರುಗಾಳಿ ಬಂತು. ಪಿಟೀಲು, ತಬಲಾ ಭೋರ್ಗರೆಯುತ್ತಿದ್ದರೆ ನಾನು ಮಾತ್ರ ಕಡ್ಡಿಯನ್ನು ಬಟ್ಟಲಿಗೆ ಸೋಕಿಸುತ್ತಿದ್ದೆ. ಮಾಸ್ತರರು ಹುಬ್ಬು ಹಾರಿಸಿದರು, ಕೈ ಬೀಸಿದರು. ನನಗೆ ಕೈ ಏಳಲೇ ಇಲ್ಲ.

ಆಗ ಪರದೆಯ ಆಚೆಯಿಂದ ಖಾಲಾಳ ದನಿ: “ಜೋರ್‌ಲೆ ಬಾರಸಪಾ! ಒಡದರ ಒಡೀಲಿ!”

ಇಡೀ ಮಂಟಪ ನಕ್ಕಿತು. ನನಗೂ ನಗು ಬಂತು, ನಗುನಗುತ್ತಲೇ ಕೈ ಸಡಿಲಾಯಿತು. ಹೊಡೆದೆ. ನೀರು ಮುಖಕ್ಕೆ ಸಿಡಿಯುವಷ್ಟು ಹೊಡೆದೆ. ಮಾಸ್ತರರು ಕಣ್ಣು ಮುಚ್ಚಿ ತಲೆದೂಗಿದರು. ದಡ ಮುಟ್ಟುವ ಕೊನೆಯ ರಾಗಕ್ಕೆ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಮುಗಿದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ.

ನಾನು ಮೊದಲು ಮಾಡಿದ ಕೆಲಸ, ಒಂದೊಂದೇ ಬಟ್ಟಲು ಒರೆಸಿ ಕಂದೀಲಿಗೆ ಹಿಡಿದು ನೋಡಿದ್ದು. ಒಂದಕ್ಕೂ ಬಿರುಕಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಕ್ಲಾರಿಯೋನೆಟ್‌ನವನ ಜೊತೆ ಬಟ್ಟಲು ಮುಟ್ಟಿಸಲು ಹೋದಾಗ ಖಾಲಾಳನ್ನು ಕೇಳಿದೆ, “ಸಮುದ್ರ ಖರೇನ ಹಿಂಗ ಇರ್ತೈತೇನ್ರಿ ಅಮ್ಮಾ?”

“ಯಾರಿಗೆ ಗೊತ್ತಪಾ! ಹೋಗೂ ಮುಂದ ವಾಂತಿ, ಬರೂ ಮುಂದ ವಾಂತಿ. ಹಡಗಿನಾಗ ನಾ ತಲಿ ಎತ್ತಿದ್ರಲ್ಲ ನೋಡೂದು? ಸಮಾಧಾನದಿಂದ ಕೇಳಿದ್ದು ಇವತ್ತ,” ಎಂದಳು.

ಹೊರಗೆ ಬಂದ ಮೇಲೂ ನಾವಿಬ್ಬರು ನಗುತ್ತಲೇ ಇದ್ದೆವು. ಮುಂಜಾನೆಯಿಂದ ಹೊಟ್ಟೆಗೇನೂ ಬಿದ್ದಿಲ್ಲವೆಂಬುದು ಆಗ ನೆನಪಾಯಿತು. ಕ್ಲಾರಿಯೋನೆಟ್‌ನವನು ಚುರುಮುರಿ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಮಾಸ್ತರರನ್ನೂ ಕರೆದು, ಗೋಡೆಗೆ ಆತು ನಿಂತು ತಿಂದೆವು.