ಅರವತ್ತಮೂರಕ್ಕೆ ಒಂದು ಹೆಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಮಾನ ನಿಲ್ದಾಣದ ಸರಕು ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಅಲ್ಲಿನ ಪ್ರಾಣಿಪಾಲಕರೊಬ್ಬರು ಮೊಣಕಾಲೂರಿ, ಆಮೆಗಳನ್ನು ಒಂದೊಂದಾಗಿ ಉಗುರುಬೆಚ್ಚಗಿನ ನೀರಿಗೆ ಇಳಿಸುತ್ತಿದ್ದಾರೆ. ದೊಡ್ಡವು ಅರವತ್ತಮೂರು. ಕೊನೆಗೆ ಅಂಗೈಯಲ್ಲಿ ಅಡಗುವಷ್ಟು ಪುಟ್ಟದೊಂದು. ಇವತ್ತು ಎಲ್ಲವೂ ಕಡಲಾಚೆಯ ತಮ್ಮ ಕಾಡಿಗೆ ಹೊರಟಿವೆ.

ಕಳ್ಳಸಾಗಣೆದಾರರ ಕೈಯಿಂದ ಬಿಡಿಸಿದ ಪ್ರಾಣಿಗಳನ್ನು, ಎರಡು ದೇಶಗಳ ಕಾಗದಪತ್ರ ಮುಗಿಯುವ ತನಕ ಬದುಕಿಸಿಡುವುದು ಅವರ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಇದೇ ಕೋಣೆ. ಕಚೇರಿಯವರಿಗೆ ಅವರು 'ಆಮೆ ಮಾವ'. ಹಾಗೆ ಕರೆಯುವವರೆಲ್ಲ ಬಾಗಿಲಲ್ಲೇ ಸಹಿ ಹಾಕಿಸಿಕೊಂಡು ಹೋಗುತ್ತಾರೆ, ಒಳಗೆ ಬಂದು ಕೂರುವವರಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷ. ಫೋನು ಮಾಡುವವರೆಂದರೆ ಅಕ್ಕ ಒಬ್ಬರೇ. "ಆಮೆ ಜೊತೆ ಇದ್ದೂ ಇದ್ದೂ ನೀನೂ ಚಿಪ್ಪಿನೊಳಗೆ ಸೇರ್ಕೊಂಡೆ ಕಣೋ" ಅನ್ನುತ್ತಾರಂತೆ.

ಈ ಆಮೆಗಳು ಬಂದದ್ದು ಕಾಲುಚೀಲಗಳೊಳಗೆ, ಮೈತುಂಬ ಟೇಪು ಸುತ್ತಿಸಿಕೊಂಡು. "ಬಿಚ್ಚೋಕೇ ಎರಡು ದಿನ ಹಿಡೀತು. ಜೋರಾಗಿ ಎಳೆದ್ರೆ ಚರ್ಮನೇ ಕಿತ್ತು ಬರುತ್ತೆ" ಅನ್ನುತ್ತಾರೆ ಆಮೆ ಮಾವ. ಆರು ತಿಂಗಳಿಗೆ ವಾಪಸು ಕಳಿಸುವ ಅನುಮತಿ ಬಂತು. ಅದೇ ವಾರ, ಆಮೆಯೊಂದು ಇಲ್ಲೇ ಮರಳಿನಲ್ಲಿ ಇಟ್ಟಿದ್ದ ಮೊಟ್ಟೆ ಒಡೆದು ಮರಿ ಹೊರಬಂತು. ಅವರು ದಾಖಲೆ ಪುಸ್ತಕದಲ್ಲಿ ಅರವತ್ತನಾಲ್ಕು ಎಂದು ಬರೆದುಬಿಟ್ಟರು.

ಎಡವಟ್ಟಾದದ್ದು ಅಲ್ಲೇ. ಅನುಮತಿ ಇದ್ದದ್ದು ಅರವತ್ತಮೂರು 'ಜಪ್ತಿ ಮಾಲು'ಗಳಿಗೆ. ಮರಿಯನ್ನು ಯಾರೂ ಜಪ್ತಿ ಮಾಡಿರಲಿಲ್ಲ. ಪ್ರಯಾಣ ನಿಂತೇಹೋಯಿತು. "ಮರಿ ಇಲ್ಲೇ ಇರಲಿ, ಅರವತ್ತಮೂರು ಅಂತ ತಿದ್ದಿ ಕಳಿಸಿ ಅಂದ್ರು ಸಾಹೇಬ್ರು. ಈ ಕೋಣೇಲಿ ಒಂಟಿಯಾಗಿರೋದು ಹೇಗಿರುತ್ತೆ ಅಂತ ನಂಗೆ ಗೊತ್ತಲ್ಲ. ತಿದ್ದಲಿಲ್ಲ."

ಐದು ತಿಂಗಳಲ್ಲಿ ಎರಡೂ ದೇಶಗಳ ಕಚೇರಿಗಳಿಗೆ ಏಳು ವಿವರಣೆ ಬರೆದರು. ಅಷ್ಟರಲ್ಲಿ ಚಳಿಗೆ ಎರಡು ಆಮೆಗಳು ಮೇವು ಬಿಟ್ಟವು. "ನನ್ನ ಹಟಕ್ಕೆ ಇವು ಸತ್ತುಹೋದ್ರೆ ಅಂತ ರಾತ್ರಿ ಮನೆಗೆ ಹೋಗೋಕೇ ಆಗ್ಲಿಲ್ಲ." ಹಾಸಿಗೆ ತಂದು ಅವುಗಳ ಪಕ್ಕದಲ್ಲೇ ಮಲಗಿದರು. ಎರಡೂ ಚೇತರಿಸಿಕೊಂಡವು. ಕೊನೆಗೆ ಆಚೆ ದೇಶದ ಅರಣ್ಯ ಕಚೇರಿಯಿಂದ ಉತ್ತರ ಬಂತು: 'ಅರವತ್ತಮೂರರ ಜೊತೆಗೆ ಮಗುವನ್ನೂ ಕಳಿಸಿ.'

ಆ ಕಾಗದದ ಪ್ರತಿ ಅವರ ಜೇಬಿನಲ್ಲಿದೆ. "ಮಾಲು ಅಂದಿಲ್ಲ ನೋಡಿ, ಮಗು ಅಂದಿದ್ದಾರೆ. ಬರೆದವರು ಯಾರೋ ಏನೋ, ನಮ್ಮೋರೇ ಅನ್ನಿಸ್ತು."

ಪೆಟ್ಟಿಗೆಗಳನ್ನು ಹೊತ್ತ ಗಾಡಿ ತಿರುವಿನಲ್ಲಿ ಮರೆಯಾಗುತ್ತದೆ. ಅವರು ಒಳಗೆ ಬಂದು ಆಮೆಗಳಿಲ್ಲದ ತೊಟ್ಟಿಯಲ್ಲಿ ಕೈಯದ್ದುತ್ತಾರೆ. ನೀರು ಇನ್ನೂ ಬೆಚ್ಚಗಿದೆ.

"ತಲುಪಿತು ಅಂತ ರಸೀದಿ ಬರುತ್ತೆ. ಹೇಗಿವೆ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಬರೆದಿಲ್ಲ. ಈ ಸಲ ಆ ಪುಣ್ಯಾತ್ಮರು ಒಂದು ಸಾಲು ಹಾಕಿದ್ರೆ ಸಾಕು, ಮಗು ಊಟ ಮಾಡ್ತಿದೆ ಅಂತ."