ಬಾಯಿ ಬಿಡದ ಸೈರನ್

ಮನುಷ್ಯನ ನಾಗರಿಕತೆಯೆಂದರೆ ಕೊನೆಗೂ ತನ್ನ ಗಳಿಕೆಯನ್ನು ಪರರಿಂದ ಕಾಪಾಡಿಕೊಂಡ ಚರಿತ್ರೆ. ನಮ್ಮ ಮುಲುಂಡಿನ ಮನೆಯಲ್ಲಿ ಹಾಗೆ ಕಾಪಾಡಿಕೊಳ್ಳಬೇಕಾಗಿದ್ದದ್ದು ಒಂದು ಗ್ರೈಂಡರ್, ಹೆಂಡತಿಯ ನಾಲ್ಕು ರೇಷ್ಮೆ ಸೀರೆ, ಮತ್ತು ಕಳ್ಳನೇ ಕೃಪೆಮಾಡಿ ಹೊತ್ತುಕೊಂಡು ಹೋದರೆ ಉಪಕಾರವಾಗುತ್ತಿದ್ದ ಒಂದು ಸೋಫಾ.

ಆದರೆ ಭಯ ಆಸ್ತಿ ನೋಡಿಕೊಂಡು ಬರುವುದಿಲ್ಲ. ಎರಡು ವರ್ಷದ ಹಿಂದೆ ಪಕ್ಕದ ವಿಂಗಿನವರು ಗಣಪತಿ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಅವರ ಗ್ರೌಂಡ್ ಫ್ಲೋರ್ ಮನೆಗೆ ಯಾರೋ ಬೀಗ ಒಡೆದು ನುಗ್ಗಿದರು. ನಮ್ಮದೂ ಗ್ರೌಂಡ್ ಫ್ಲೋರ್. ಅಂದಿನಿಂದ ನಾವಿಬ್ಬರೂ ಒಟ್ಟಿಗೆ ಊರು ಬಿಟ್ಟದ್ದಿಲ್ಲ. ಕಾರ್ಖಾನೆಯ ಪಾಳಿಯವರ ಹಾಗೆ ಒಬ್ಬರು ಬಂದ ಮೇಲೆ ಇನ್ನೊಬ್ಬರು ಹೊರಡುವುದು. ಮೈಸೂರಿನ ಮದುವೆಗೆ ಅವಳು, ಮುಂಜಿಗೆ ನಾನು. ನಮ್ಮಿಬ್ಬರ ನಡುವೆ ಮಾತು ನಿಂತಿದೆಯೆಂದು ನೆಂಟರಲ್ಲಿ ಸುದ್ದಿಯಾಗಿತ್ತಂತೆ.

ಹೀಗಿರುವಾಗ ಅವಳ ಅಕ್ಕನ ಮನೆಯಲ್ಲಿ ಭಾವನ ಷಷ್ಟ್ಯಬ್ದಿ ಬಂತು. ಕಲಶದ ನೀರು ಹಾಕಲು ದಂಪತಿಗಳಾಗಿ ಬರಬೇಕು, ಅರ್ಧರ್ಧ ಬರುವವರು ಬರುವುದೇ ಬೇಡ ಎಂದು ಅಕ್ಕ ಫೋನಿನಲ್ಲಿ ತೀರ್ಪು ಕೊಟ್ಟರು. ಅವಳಿಗೆ ಇದ್ದವರು ಅವರೊಬ್ಬರೇ ಅಕ್ಕ. ಆ ಸಂಜೆ ಹೆಂಡತಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮರುದಿನ ಇಬ್ಬರಿಗೂ ಟಿಕೆಟ್ ಮಾಡಿಸಿ ಒಂದು ಶರತ್ತು ಇಟ್ಟಳು: ಮನೆಗೆ ಅಲಾರಂ ಕೂಡಿಸಬೇಕು, ಅದು ಕೂಗುವುದನ್ನು ತಾನು ಕಿವಿಯಾರೆ ಕೇಳಬೇಕು, ಇಲ್ಲವಾದರೆ ಎರಡೂ ಟಿಕೆಟ್ ಕ್ಯಾನ್ಸಲ್.

ಅಲಾರಂ ಬಂದಾಗ ಪ್ರಯಾಣಕ್ಕೆ ಮೂರು ದಿನವಿತ್ತು. ಬಾಗಿಲಿಗೆ ಅಂಟಿಸುವ ಒಂದು ತುಂಡು, ಹಾಲ್‌ನಲ್ಲಿಡುವ ಒಂದು ಪೆಟ್ಟಿಗೆ, ಹೊರಗೋಡೆಗೆ ಹಾಕುವ ಊಟದ ಡಬ್ಬಿಯಷ್ಟಗಲದ ಬಿಳಿ ಸೈರನ್. ಮೂರಕ್ಕೂ ನಡುವೆ ವೈರಿಲ್ಲ. ಬಾಗಿಲು ತೆರೆದರೆ ತುಂಡು ಪೆಟ್ಟಿಗೆಗೆ ಹೇಳುತ್ತದೆ, ಪೆಟ್ಟಿಗೆ ಸೈರನ್ನಿಗೆ ಹೇಳುತ್ತದೆ, ಸೈರನ್ ಊರಿಗೆಲ್ಲ ಹೇಳುತ್ತದೆ. ನಮ್ಮ ಸೊಸೈಟಿಯಲ್ಲಿ ಈ ಪದ್ಧತಿ ಮೊದಲಿನಿಂದಲೂ ಉಂಟು, ಯಂತ್ರವಿಲ್ಲದೆಯೇ ನಡೆಯುತ್ತಿತ್ತು.

ನಾನು ಡ್ರಿಲ್ ಎರವಲು ತಂದು ಗ್ಯಾಲರಿಯ ಗ್ರಿಲ್ಲಿನ ಮೇಲಿನ ಗೋಡೆಗೆ ಸೈರನ್ನನ್ನು ಕೂಡಿಸಿದೆ. ನಾಲ್ಕು ಸೆಲ್ಲು ಹಾಕಿದೆ. ಕೆಂಪು ದೀಪ ಮಿಣುಕಿತು. ಮೇಲಿನ ಮನೆಯ ಮರಾಠಿ ಆಜಿ, ನಾವಿಲ್ಲದಾಗ ಸೈರನ್ ಕೇಳಿದರೆ ಪೊಲೀಸರಿಗೆ ಫೋನು ಮಾಡಲು ಒಪ್ಪಿಕೊಂಡಿದ್ದವರು, ಕಿಟಕಿಯಲ್ಲಿ ಆಸೀನರಾದರು. ನಾನು ಕಳ್ಳನ ಗಾಂಭೀರ್ಯದಿಂದ ಬಾಗಿಲು ತೆರೆದೆ. ಸೈರನ್ ‘ಕುಂಯ್’ ಎಂದು ಸುಮ್ಮನಾಯಿತು.

“ವಾಜಲಾ ಕಾ?” ಎಂದು ಆಜಿ ಮೇಲಿಂದ ಕೇಳಿದರು, ಕೂಗಿತೇ ಎಂದು.

ದೀಪ ಉರಿಯುತ್ತಿದೆಯೆಂದರೆ ಕರೆಂಟಿದೆ. ತಪ್ಪು ಗೋಡೆಯದು ಎಂದು ನಾನು ನಿರ್ಣಯಿಸಿದೆ. ಹಳೇ ಕಾಲದ ದಪ್ಪ ಗೋಡೆ, ಸಂದೇಶ ದಾಟುತ್ತಿಲ್ಲ. ಸೈರನ್ನನ್ನು ಎಡಕ್ಕೆ ಸರಿಸಿದೆ, ಮರುದಿನ ಕಿಟಕಿಯ ಹತ್ತಿರ ತಂದೆ. ಗೋಡೆಗೆ ಆರು ತೂತಾದವು. ಪ್ರತಿಸಲವೂ ಒಂದು ಕುಂಯ್, ಮೇಲಿಂದ ಒಂದು ವಾಜಲಾ ಕಾ. ಆ ಸಂಜೆ ಹೆಂಡತಿ ಕಟ್ಟಿದ ಸೂಟ್‌ಕೇಸ್ ಬಿಚ್ಚಿ, ಅಕ್ಕನಿಗೆಂದು ತಂದ ಸೀರೆಯನ್ನು ತೆಗೆದು ಬೀರುವಿಗೆ ಸೇರಿಸಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಪ್ರಯಾಣದ ದಿನ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುತ್ತ ಕೇಳಿದಳು:

“ರೀ, ಅದಕ್ಕೆ ಸೆಲ್ಲು ಯಾವ್ದು ಹಾಕಿದ್ರಿ?”

“ಮನೇಲಿ ಇದ್ದಿದ್ದೇ.”

“ಇದ್ದಿದ್ದೇ ಅಂದ್ರೆ? ಗ್ಯಾಲರೀಲಿ ಬಿಸಿಲಿಗೆ ಇಟ್ಟಿದ್ರಲ್ಲ, ಅದಾ?”

“ಎರಡು ಅದು. ಇನ್ನೆರಡು ರಿಮೋಟಿಂದು.”

ಇಲ್ಲಿ ನನ್ನ ಪರವಾಗಿ ಎರಡು ಮಾತು. ವಿಕ್ರೋಳಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಾನು ಮೂವತ್ತು ವರ್ಷ ಕೂತವನು. ಹಳೆಯದು ಪೂರ್ತಿ ಸತ್ತಿದೆಯೆಂದು ರುಜುವಾತಾಗದೆ ಹೊಸದನ್ನು ಯಾರಿಗೂ ಕೊಟ್ಟವನಲ್ಲ. ಮನೆಯಲ್ಲೂ ಸೆಲ್ಲುಗಳಿಗೆ ಸೇವಾನಿಯಮವಿದೆ: ಮೊದಲು ಟಾರ್ಚು, ಅಲ್ಲಿ ಮಂಕಾದರೆ ರಿಮೋಟು, ಅಲ್ಲೂ ಸೋತರೆ ಗೋಡೆ ಗಡಿಯಾರ, ಆಮೇಲೆ ಎರಡು ದಿನ ಬಿಸಿಲು, ಮತ್ತೆ ಗಡಿಯಾರ. ಯಾವ ಸೆಲ್ಲೂ ನಮ್ಮಲ್ಲಿ ಅಕಾಲ ಮರಣಕ್ಕೆ ತುತ್ತಾದದ್ದಿಲ್ಲ.

“ಹಪ್ಳ ಒಣಗಿಸ್ದಂಗೆ ಒಣಗಿಸಿ ಹಾಕಿದ್ರೆ ಅದು ಎಲ್ಲಿಂದ ಕೂಗತ್ತೆ?” ಎಂದಳು. “ಕಣ್ಣು ಮಿಟುಕಿಸೋಕೆ ಎಷ್ಟು ಶಕ್ತಿ ಬೇಕು, ಕಿರುಚೋಕೆ ಎಷ್ಟು ಬೇಕು, ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ?”

ಪೆಟ್ಟಿಗೆಯ ಜೊತೆ ಬಂದ ಕಾಗದ ತೆಗೆದು ನೋಡಿದೆ. ನಾಲ್ಕೂ ಸೆಲ್ಲು ಹೊಸದಾಗಿರಬೇಕು, ಒಂದೇ ಜಾತಿಯದಾಗಿರಬೇಕು ಎಂದು ಮೊದಲ ಸಾಲಿನಲ್ಲೇ ಇತ್ತು. ಕಾಗದವನ್ನು ಮಡಚಿಟ್ಟೆ.

ಅವಳು ನನ್ನನ್ನು ನಂಬದೆ ತಾನೇ ಸ್ಟೇಷನ್ ರಸ್ತೆಗೆ ಹೋಗಿ ಹೊಸ ಸೆಲ್ಲು ತಂದಳು. ಸ್ಟೂಲಿನ ಮೇಲೆ ನಿಂತು ನಾನು ಹಾಕಿದೆ, ಕೆಳಗೆ ನಿಂತು ಅವಳು ಪ್ಲಸ್ಸು ಮೈನಸ್ಸು ನೋಡಿದಳು. ನಾನು ಇಳಿದು ಬಂದು ಬಾಗಿಲು ತೆರೆದೆ.

ಅಂಥ ಸದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಪಾರಿವಾಳಗಳು ಹಾರಿಹೋದವು. ಎರಡೂ ವಿಂಗಿನ ಜನ ಗ್ಯಾಲರಿಗೆ ಬಂದರು. ನಿಧಾನವೇ ಧರ್ಮವೆಂದು ನಂಬಿದ್ದ ವಾಚ್‌ಮನ್ ಒಂದು ಕಾಲಿನ ಚಪ್ಪಲಿ ಬಿಟ್ಟು ಓಡಿಬಂದ. ಆಜಿ ಕಿವಿ ಮುಚ್ಚಿಕೊಂಡು, ಸಾಕು ನಿಲ್ಲಿಸಿ ಎಂದು ಕೈಸನ್ನೆ ಮಾಡುತ್ತಿದ್ದರು. ನಿಲ್ಲಿಸುವ ಗುಂಡಿ ಹುಡುಕುವಷ್ಟರಲ್ಲಿ ತಿರುಗಿ ನೋಡಿದರೆ ಹೆಂಡತಿ ಆ ಗದ್ದಲದ ನಡುವೆ ಗೋಡೆಗೊರಗಿ ನಿಂತು ನಗುತ್ತಿದ್ದಳು. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋದ ಹಾಗೆ ನನಗೂ ಹಗುರಾಯಿತು. ಸೀರೆ ಮತ್ತೆ ಸೂಟ್‌ಕೇಸಿಗೆ ಹೋಯಿತು.

ಅಂದೇ ಇಬ್ಬರೂ ರೈಲು ಹತ್ತಿದೆವು. ಒಂಬತ್ತು ದಿನದ ಮೇಲೆ ಮರಳಿ ಬಂದಾಗ ಬೀಗ ಹಾಕಿದ ಹಾಗೇ ಇತ್ತು.